ಎಂಟು ಮಕ್ಕಳು, ಒಂದು ಚೀಲ: ಕ್ರಿಸ್ಮಸ್ ಉಡುಗೊರೆ ಕೊಳ್ಳುವ ಮುಂಚೆ

ಪ್ರಶ್ನೆ: ಡಾಕ್ಟ್ರೇ, ಈ ಸಲ ಕ್ರಿಸ್ಮಸ್‌ಗೆ ನಮ್ಮ ಮನೆಯಲ್ಲಿ ಎಂಟು ಮಕ್ಕಳು ಸೇರುತ್ತಾರೆ. ಎಲ್ಲಕ್ಕಿಂತ ಚಿಕ್ಕದಕ್ಕೆ ಏಳು ತಿಂಗಳು. ದೊಡ್ಡವನಿಗೆ ಹದಿಮೂರು ವರ್ಷ. ಉಳಿದವರು ಒಂದೂವರೆ, ಮೂರು, ನಾಲ್ಕು, ಆರು, ಎಂಟು, ಹತ್ತು ವರ್ಷದವರು. ನಮ್ಮ ಮನೆಯವರು ಸಾಂತಾ ವೇಷ ಹಾಕಿ ಚೀಲದಿಂದ ಒಂದೊಂದು ಚಿಕ್ಕ ಉಡುಗೊರೆ ತೆಗೆದು ಕೊಡುತ್ತಾರೆ. ಜಗಳ ಆಗಬಾರದು ಅಂತ ಎಲ್ಲರಿಗೂ ಒಂದೇ ತರಹ ತಂದಿದ್ದೆ. ಲೈಟ್ ಮಿನುಗುವ ಉಂಗುರ, ಜೊತೆಗೆ ಒಂದು ಪ್ಯಾಕೆಟ್ ಬಲೂನು. ಚಿಕ್ಕ ಮಗುವಿನ ತಾಯಿ, ಅಂದರೆ ನನ್ನ ತಂಗಿ, "ಅಕ್ಕಾ, ಇವು ಬೇಡವೇ ಬೇಡ" ಅಂದಳು. ನನಗೆ ಸ್ವಲ್ಪ ಬೇಜಾರಾಯಿತು. ಅವಳದು ಅತಿಯಾಯಿತೇ? ಡಬ್ಬದ ಮೇಲೆ ವಯಸ್ಸು ಬರೆದಿರುತ್ತದಲ್ಲ, ಅದನ್ನು ನೋಡಿ ತಂದರೆ ಸಾಲದೇ?

ಉತ್ತರ: ನಿಮ್ಮ ತಂಗಿ ಹೇಳಿದ್ದು ಸರಿ. ಉಂಗುರಗಳನ್ನು ವಾಪಸ್ ಕೊಟ್ಟುಬಿಡಿ. ಬಲೂನುಗಳನ್ನೂ ಚೀಲದಿಂದ ತೆಗೆದಿಡಿ. ಬೇಜಾರು ಮಾಡಿಕೊಳ್ಳಬೇಡಿ, ಈ ತಪ್ಪು ಎಲ್ಲರೂ ಮಾಡುತ್ತಾರೆ. ಮಕ್ಕಳ ಡಾಕ್ಟರಾದ ನಾನೇ ಒಂದು ವರ್ಷ ಅಣ್ಣನ ಮಗಳಿಗೆ ಮಣಿ ಪೋಣಿಸುವ ಡಬ್ಬ ಕೊಟ್ಟಿದ್ದೆ. ಅವಳಿಗೆ ಆರು ವರ್ಷ. ಆದರೆ ಅವಳ ತಮ್ಮನಿಗೆ ಇನ್ನೂ ಒಂದು ತುಂಬಿರಲಿಲ್ಲ. ಸಂಜೆಯೆಲ್ಲ ಅತ್ತಿಗೆ ಮಂಚದ ಕೆಳಗೆ ಟಾರ್ಚು ಹಿಡಿದು ಮಣಿ ಹುಡುಕುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ಅವರ ಜೊತೆ ಹುಡುಕಿದೆ.

ಅವತ್ತಿನಿಂದ ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಉಡುಗೊರೆ ಯಾರಿಗೆ ಅಂತ ನೋಡುವುದು ಆಮೇಲೆ. ಅದು ಹೋಗುವ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕದು ಯಾವುದು, ಅದರ ಕೈ ಎಲ್ಲಿಯವರೆಗೆ ಹೋಗುತ್ತದೆ ಅಂತ ನೋಡುವುದು ಮೊದಲು. ನಿಮ್ಮ ಚೀಲದಲ್ಲಿ ಏನೇ ಇದ್ದರೂ ಅರ್ಧ ಗಂಟೆಯಲ್ಲಿ ಎಲ್ಲವೂ ನೆಲದ ಮೇಲೆ ಇರುತ್ತದೆ. ನೆಲ ಯಾರದ್ದು? ತೆವಳುವ ಆ ಏಳು ತಿಂಗಳ ಮಗುವಿನದ್ದು.

ಇನ್ನು ಡಬ್ಬದ ಮೇಲಿನ ವಯಸ್ಸಿನ ವಿಷಯ. "3+" ಅಂತ ಕಂಡರೆ ಜನ "ನಮ್ಮದು ಚುರುಕು ಮಗು, ಎರಡು ವರ್ಷಕ್ಕೇ ಆಡುತ್ತೆ" ಅನ್ನುತ್ತಾರೆ. ಆ ಅಂಕಿ ಬುದ್ಧಿಗೆ ಹಾಕಿದ್ದು ಅಂತ ಅವರ ಎಣಿಕೆ. ಎಷ್ಟೋ ಸಲ ಅದನ್ನು ಹಾಕಿದ್ದು ಗಂಟಲಿನ ಅಳತೆಗೆ. ಮೂರರ ಒಳಗಿನ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಅದರ ಉಸಿರಿನ ಕೊಳವೆ ತುಂಬ ಸಣ್ಣದು. ಅಗಿಯಲು ದವಡೆ ಹಲ್ಲುಗಳು ಪೂರ್ತಿ ಬಂದಿರುವುದಿಲ್ಲ. ಸಿಕ್ಕಿಕೊಂಡದ್ದನ್ನು ಹೊರಹಾಕುವಷ್ಟು ಜೋರಾಗಿ ಕೆಮ್ಮಲೂ ಬಲ ಸಾಲದು. ಎಷ್ಟೇ ಚುರುಕಾಗಿರಲಿ, ಗಂಟಲು ಬೇಗ ಬೆಳೆಯುವುದಿಲ್ಲ ಅಲ್ವಾ? ಕೆಲವು ಆಟಿಕೆಗಳ ಮೇಲೆ ಕೆಂಪು ವೃತ್ತ, ಅದರೊಳಗೆ ಮಗುವಿನ ಮುಖ, "0-3" ಎಂಬ ಅಂಕಿ, ಅಡ್ಡಕ್ಕೆ ಒಂದು ಗೆರೆ ಇರುತ್ತದೆ. ಅದು ಸಲಹೆಯಲ್ಲ, ಎಚ್ಚರಿಕೆ. ಮೂರು ದಾಟದ ಮಗುವಿಗೆ ಇದನ್ನು ಕೊಡಲೇಬೇಡಿ ಎಂದು ಅರ್ಥ.

ಆಟಿಕೆ ಪರೀಕ್ಷೆ ಮಾಡುವವರ ಹತ್ತಿರ ಒಂದು ಚಿಕ್ಕ ಕೊಳವೆ ಇರುತ್ತದೆ. ಅಗಲ 31.7 ಮಿಲಿಮೀಟರ್. ತಳ ಓರೆ. ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿಲಿಮೀಟರ್. ಚಿಕ್ಕ ಮಗುವಿನ ಗಂಟಲನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಅಳತೆ ಅದು. ಆಟಿಕೆಯಾಗಲಿ ಅದರಿಂದ ಕಿತ್ತು ಬಂದ ಚೂರಾಗಲಿ ಯಾವುದಾದರೂ ಒಂದು ರೀತಿಯಲ್ಲಿ ಇಟ್ಟಾಗ ಆ ಕೊಳವೆಯೊಳಗೆ ಪೂರ್ತಿ ಹಿಡಿದರೆ, ಮೂರು ವರ್ಷದ ಒಳಗಿನವರಿಗೆ ಅದು ಆಗದು. ದುಂಡನೆಯ ಚೆಂಡಿಗೆ ನಿಯಮ ಇನ್ನೂ ಬಿಗಿ. ಅಮೆರಿಕದಲ್ಲಿ ಈ ವಯಸ್ಸಿನವರ ಚೆಂಡು 44.4 ಮಿಲಿಮೀಟರ್‌ಗಿಂತ ದೊಡ್ಡದಿರಬೇಕು. ಯಾಕೆಂದರೆ ಚೆಂಡು ಗಂಟಲಿಗೆ ಬಿರಡೆಯ ಹಾಗೆ ಕೂರುತ್ತದೆ. ಪಕ್ಕದಲ್ಲಿ ಗಾಳಿ ಹೋಗಲು ಸಂದು ಇರುವುದಿಲ್ಲ. ಬೆರಳಿಗೂ ಹಿಡಿತ ಸಿಗುವುದಿಲ್ಲ. ಗೋಲಿ, ಪುಟಿಯುವ ಚಿಕ್ಕ ರಬ್ಬರ್ ಚೆಂಡು, ಗಟ್ಟಿ ದುಂಡು ಪೆಪ್ಪರ್‌ಮಿಂಟ್ ಎಲ್ಲಕ್ಕೂ ಇದೇ ಮಾತು.

ಮನೆಯಲ್ಲಿ ಆ ಕೊಳವೆ ಇರುವುದಿಲ್ಲ. ಟಾಯ್ಲೆಟ್ ಪೇಪರ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆ ಇಟ್ಟುಕೊಳ್ಳಿ. ಅಗಲ ಸುಮಾರು 4 ಸೆಂಟಿಮೀಟರ್ ಇರುತ್ತದೆ. ಅದರೊಳಗೆ ತೂರಿ ಬಿದ್ದದ್ದು ಯಾವುದೂ ನಿಮ್ಮ ಚಿಕ್ಕವರಿಬ್ಬರಿಗೆ ಬೇಡ. ನಾನಂತೂ ಮೂರು ವರ್ಷದ ಮಗುವಿಗೂ ಬೇಡ ಅನ್ನುತ್ತೇನೆ. ಮೂರನೇ ಹುಟ್ಟುಹಬ್ಬದ ಕೇಕ್ ಕತ್ತರಿಸಿದ ರಾತ್ರಿಯೇ ಯಾರಿಗೂ ಬಾಯಿಗಿಡುವ ಅಭ್ಯಾಸ ನಿಂತುಹೋಗುವುದಿಲ್ಲ.

ಈಗ ನಿಮ್ಮ ಉಂಗುರ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನನಗೆ ಹೆಚ್ಚು ಭಯ ಇರುವುದು ಇದರದ್ದೇ. ಲೈಟ್ ಮಿನುಗುತ್ತದೆ ಅಂದರೆ ಒಳಗೆ ಬಟನ್ ಸೆಲ್, ಅಂದರೆ ಗುಂಡಿಯಂಥ ಪುಟ್ಟ ಬ್ಯಾಟರಿ ಇದೆ. ಇಂಥ ಅಗ್ಗದ ಸಾಮಾನಿನಲ್ಲಿ ಸೆಲ್ ಮುಚ್ಚಳಕ್ಕೆ ಸ್ಕ್ರೂ ಇರುವುದು ಅಪರೂಪ. ಒಮ್ಮೆ ಕಚ್ಚಿದರೆ ಹೊರಗೆ ಬರುತ್ತದೆ.

"ನುಂಗಿದರೇನು, ನಾಣ್ಯದ ಹಾಗೆ ಆಚೆ ಬರುತ್ತೆ" ಅನ್ನುವವರು ಇದ್ದಾರೆ. ನಾಣ್ಯಕ್ಕೂ ಇದಕ್ಕೂ ಅಜಗಜಾಂತರ. ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿನ ತೇವದ ಮೂಲಕ ಕರೆಂಟು ಹರಿಯಲು ಶುರುವಾಗುತ್ತದೆ. ಸೆಲ್‌ನ ನೆಗೆಟಿವ್ ಬದಿಯಲ್ಲಿ ಚರಂಡಿ ತೊಳೆಯುವ ಪುಡಿಯಷ್ಟು ಖಾರದ ಕ್ಷಾರ ಹುಟ್ಟುತ್ತದೆ. ಸೆಲ್ ಒಡೆದು ಸೋರಲೇಬೇಕೆಂದಿಲ್ಲ, ಸುಮ್ನೆ ಕೂತಲ್ಲೇ ಮಾಂಸವನ್ನು ಸುಡುತ್ತದೆ. ಎರಡು ಗಂಟೆಯಲ್ಲಿ ಆಳವಾದ ಗಾಯ ಆಗಬಹುದು. ಎಲ್ಲಕ್ಕಿಂತ ಕೆಟ್ಟದ್ದು 20 ಮಿಲಿಮೀಟರ್ ಅಗಲದ 3 ವೋಲ್ಟಿನ ಲಿಥಿಯಂ ಸೆಲ್. ಮಗುವಿನ ಅನ್ನನಾಳದಲ್ಲಿ ಸರಿಯಾಗಿ ಸಿಕ್ಕಿಕೊಳ್ಳುವ ಅಳತೆ ಅದು. ಸೆಲ್ ಮೇಲೆ "ಸಿಆರ್ 2032" ಅಂತ ಬರೆದಿದ್ದರೆ 20 ಅಂದರೆ ಅಗಲ, 32 ಅಂದರೆ 3.2 ಮಿಲಿಮೀಟರ್ ದಪ್ಪ. ಉಂಗುರದಲ್ಲಿ ಇರುವುದು ಸಾಮಾನ್ಯವಾಗಿ ಅದಕ್ಕಿಂತ ಸಣ್ಣ ಸೆಲ್‌ಗಳು. ಹಾಗಂತ ಸಮಾಧಾನ ಪಡಬೇಡಿ. ಅವು ಮೂಗಿನೊಳಗೆ, ಕಿವಿಯೊಳಗೆ ಹೋಗಿ ಅಲ್ಲೂ ಇದೇ ಕೆಲಸ ಮಾಡುತ್ತವೆ. ಆಟಿಕೆ ನಡೆಯುವುದು ನಿಂತ ಮೇಲೂ ಸೆಲ್‌ನಲ್ಲಿ ಸುಡುವಷ್ಟು ಕರೆಂಟು ಉಳಿದಿರುತ್ತದೆ.

ಕ್ರಿಸ್ಮಸ್ ಸಮಯದಲ್ಲಿ ಈ ಸೆಲ್‌ಗಳು ಆಟಿಕೆಯಲ್ಲಿ ಮಾತ್ರ ಇರುವುದಿಲ್ಲ. ತೆರೆದರೆ ಹಾಡುವ ಶುಭಾಶಯ ಪತ್ರದಲ್ಲಿ ಇರುತ್ತವೆ. ಬೆಂಕಿಯಿಲ್ಲದ ಪುಟ್ಟ ಎಲ್‌ಇಡಿ ಮೇಣದಬತ್ತಿಯಲ್ಲಿ, ಮಿನುಗುವ ಟೊಪ್ಪಿಗೆಯಲ್ಲಿ, ಮರಕ್ಕೆ ತೂಗುಹಾಕುವ ನಕ್ಷತ್ರದಲ್ಲಿ ಇರುತ್ತವೆ. ಇವು ಆಟಿಕೆ ಅಲ್ಲ. ಹಾಗಾಗಿ ಆಟಿಕೆಗೆ ಮಾಡುವ ಪರೀಕ್ಷೆ ಇವಕ್ಕೆ ಆಗಿರುವುದಿಲ್ಲ. ನನ್ನ ಬಳಿ ಬಂದ ಒಬ್ಬ ತಾಯಿ ಆಟಿಕೆಗಳನ್ನೆಲ್ಲ ಒಂದೊಂದಾಗಿ ತೋರಿಸಿ "ಯಾವುದರಲ್ಲೂ ಸೆಲ್ ಇಲ್ಲ ಡಾಕ್ಟ್ರೇ" ಅಂದಿದ್ದರು. ಎಕ್ಸ್-ರೇಯಲ್ಲಿ ಉಂಗುರದೊಳಗೆ ಉಂಗುರ ಇದ್ದ ಹಾಗೆ ಎರಡು ಸುತ್ತು ಕಂಡಿತು. ಅದು ಸೆಲ್ಲಿನ ಗುರುತು. ಬಂದದ್ದು ಹರಿದು ಬಿಸಾಕಿದ್ದ ಹಾಡುವ ಕಾರ್ಡಿನಿಂದ. ಬೇಗ ಕರೆತಂದಿದ್ದರಿಂದ ಮಗು ಉಳಿಯಿತು.

ಸೆಲ್ ಬೇಕೇ ಬೇಕು ಅನ್ನುವ ಆಟಿಕೆಯಾದರೆ ಪೆನ್ಸಿಲ್ ಸೆಲ್ ಹಾಕುವಂಥದ್ದನ್ನು ಆರಿಸಿ. ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ಸ್ಕ್ರೂಡ್ರೈವರ್ ಇಲ್ಲದೆ ಉಗುರಿನಲ್ಲಿ ತೆಗೆಯಲು ಬಂದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಬಲೂನಿನ ವಿಷಯಕ್ಕೆ ನೀವು ಖಂಡಿತ ಮುಖ ಸಿಂಡರಿಸುತ್ತೀರಿ. ನಾವೆಲ್ಲ ಬಲೂನು ಊದಿಯೇ ಬೆಳೆದವರು. ಆದರೆ ರಬ್ಬರ್ ಬಲೂನಿನಷ್ಟು ಮಕ್ಕಳ ಉಸಿರು ಕಟ್ಟಿಸುವ ಆಟದ ವಸ್ತು ಬಹಳ ಕಡಿಮೆ. ಒಡೆದ ಚೂರನ್ನು ಮಗು ಜಗಿಯುತ್ತದೆ, ಹೀರುತ್ತದೆ. ಅದು ಗಂಟಲಿನ ಆಕಾರಕ್ಕೇ ಅಂಟಿಕೊಂಡು ಕೂರುತ್ತದೆ. ಬೆನ್ನಿಗೆ ಬಡಿದರೂ ಬರುವುದು ಕಷ್ಟ. ಊದದ ಬಲೂನೂ ಹಾಗೆಯೇ. ಊದಲು ಹೋಗಿ, ನಡುವೆ ಉಸಿರು ಎಳೆದುಕೊಂಡಾಗ ಒಳಗೆ ಹೋಗುತ್ತದೆ. ಎಂಟು ವರ್ಷದ ಒಳಗಿನವರಿಗೆ ಊದದ, ಒಡೆದ ಬಲೂನಿನಿಂದ ಉಸಿರು ಕಟ್ಟಬಹುದು ಎಂದು ಅಮೆರಿಕದಲ್ಲಿ ಪ್ಯಾಕೆಟಿನ ಮೇಲೇ ಬರೆಯಬೇಕು. ಮೂರಲ್ಲ, ಎಂಟು. ಅಲಂಕಾರಕ್ಕೆ ಬೇಕಾದರೆ ದೊಡ್ಡವರೇ ಊದಿ ಎತ್ತರದಲ್ಲಿ ಕಟ್ಟಿ. ಒಡೆದರೆ ಚೂರುಗಳನ್ನು ಎಣಿಸಿ ಎತ್ತಿ.

ಅಯಸ್ಕಾಂತದ ಪುಟ್ಟ ಗುಂಡುಗಳನ್ನೂ ಇದೇ ಸಾಲಿಗೆ ಸೇರಿಸಿ. ಒಂದನ್ನೊಂದು ಗಟ್ಟಿಯಾಗಿ ಕಚ್ಚಿಕೊಂಡು ಆಕಾರ ಮಾಡುತ್ತವಲ್ಲ, ಅವು. ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆ ನುಂಗಿದರೆ, ಕರುಳಿನ ಎರಡು ಸುರುಳಿಗಳ ಆಚೀಚೆ ನಿಂತು ಒಂದನ್ನೊಂದು ಎಳೆಯುತ್ತವೆ. ನಡುವೆ ಸಿಕ್ಕ ಕರುಳಿಗೆ ರಕ್ತ ಹರಿಯುವುದು ನಿಂತು ತೂತು ಬೀಳುತ್ತದೆ. ಮೊದಲ ದಿನ ಬರೀ ಹೊಟ್ಟೆನೋವು, ವಾಂತಿ. ಏನೋ ತಿಂದದ್ದು ಸೇರಲಿಲ್ಲ ಅಂದುಕೊಳ್ಳುತ್ತಾರೆ. ಇದು ಚಿಕ್ಕವರ ಕಥೆ ಮಾತ್ರವಲ್ಲ. ತುಟಿಗೆ, ನಾಲಿಗೆಗೆ ಚುಚ್ಚಿಸಿಕೊಂಡ ಹಾಗೆ ಕಾಣಲಿ ಎಂದು ಹತ್ತು, ಹನ್ನೆರಡು ವರ್ಷದವರು ಎರಡು ಗುಂಡುಗಳನ್ನು ಆ ಕಡೆ ಈ ಕಡೆ ಅಂಟಿಸಿಕೊಳ್ಳುತ್ತಾರೆ. ಆಮೇಲೆ ನಕ್ಕಾಗ ನುಂಗುತ್ತಾರೆ. ಹದಿಮೂರರ ಹುಡುಗನಿಗೂ ನಾನು ಅದನ್ನು ಕೊಡುವುದಿಲ್ಲ.

ನೀರಿನಲ್ಲಿ ಹಾಕಿದರೆ ಉಬ್ಬುವ ಬಣ್ಣದ ಜೆಲ್ಲಿ ಮಣಿಗಳೂ ಬೇಡ. ಸಾಸಿವೆಯಷ್ಟಿದ್ದದ್ದು ಹೊಟ್ಟೆಯೊಳಗೂ ಉಬ್ಬುತ್ತದೆ, ಕರುಳನ್ನು ಕಟ್ಟುತ್ತದೆ, ಮಾಮೂಲಿ ಎಕ್ಸ್-ರೇಯಲ್ಲಿ ಕಾಣುವುದೂ ಇಲ್ಲ.

ಹೆದರಿಸಿದ್ದು ಸಾಕು. ಏನು ಕೊಡಬಹುದು?

ಏಳು ತಿಂಗಳಿನದಕ್ಕೆ ಉಡುಗೊರೆ ಅಂದರೆ ಏನೆಂದೇ ತಿಳಿಯದು. ಸುತ್ತಿದ ಕಾಗದವೇ ಅದಕ್ಕೆ ಹಬ್ಬ. ಬಟ್ಟೆಯ ಪುಸ್ತಕ ಕೊಡಿ, ಇಲ್ಲವೇ ಒಂದೇ ತುಂಡಿನಲ್ಲಿ ಮಾಡಿದ ಹಲ್ಲು ಕಡಿಯುವ ರಬ್ಬರ್ ಬಳೆ. ಒಳಗೆ ನೀರು ತುಂಬಿದ್ದು ಬೇಡ, ಕಚ್ಚಿ ತೂತಾದರೆ ಸೋರುತ್ತದೆ. ಗಿಲಕಿಯಾದರೆ ಎರಡೂ ತುದಿ ದಪ್ಪ ಇರಲಿ, ಗಂಟಲಿನ ತನಕ ತೂರಬಾರದು. ಒತ್ತಿದರೆ ಕೀಕ್ ಅನ್ನುವ ರಬ್ಬರ್ ಬಾತುಕೋಳಿ ತಳದಲ್ಲಿ ಪುಟ್ಟ ಪೀಪಿ ಇರುತ್ತದೆ, ಅದು ಕಿತ್ತುಬರುತ್ತದಾ ನೋಡಿ. ಬಟ್ಟೆಯ ಬೊಂಬೆ ಕೊಟ್ಟರೆ ಕಣ್ಣು, ಮೂಗು ದಾರದಲ್ಲಿ ಕಸೂತಿ ಮಾಡಿದ್ದಿರಲಿ, ಗುಂಡಿ ಹೊಲಿದದ್ದು ಬೇಡ. ಬೊಂಬೆ ಎಷ್ಟೇ ಮೆತ್ತಗಿದ್ದರೂ ಮಗು ಮಲಗುವಾಗ ಪಕ್ಕದಲ್ಲಿಡಬಾರದು. ಒಂದು ವರ್ಷದವರೆಗೆ ಮಲಗುವ ಜಾಗ ಖಾಲಿಯಾಗಿರಬೇಕು. ಯಾವ ಆಟಿಕೆಗೂ ಒಂದು ಗೇಣಿಗಿಂತ ಉದ್ದದ ದಾರ ಬೇಡ. ಕುತ್ತಿಗೆಗೆ ಹಾಕುವ ಸರವಂತೂ ಬೇಡವೇ ಬೇಡ. ಹಲ್ಲು ಬರುವಾಗ ಒಳ್ಳೆಯದು ಅಂತ ಮಾರುವ ಮಣಿಸರವೂ ಅಷ್ಟೇ.

ಒಂದೂವರೆ ವರ್ಷದ್ದು ಇಡೀ ಮನೆಯಲ್ಲಿ ಅತಿ ಅಪಾಯದ ಪ್ರಾಣಿ. ಓಡುತ್ತದೆ, ಹತ್ತುತ್ತದೆ, ಆದರೂ ಎಲ್ಲವನ್ನೂ ಬಾಯಿಗೇ ಹಾಕುತ್ತದೆ. ಒಂದರೊಳಗೊಂದು ಕೂರುವ ಬಟ್ಟಲುಗಳು, ರಟ್ಟಿನ ಹಾಳೆಯ ಪುಸ್ತಕ, ದೊಡ್ಡ ಮೆತ್ತನೆಯ ಚೆಂಡು ಸಾಕು. ಮರದ ಗಾಡಿ ಕೊಡುವುದಾದರೆ ಮೊದಲು ನೀವೇ ಅದರ ಮೇಲೆ ಜುಲುಮೆ ಮಾಡಿ. ಚಕ್ರ ಹಿಡಿದು ಎಳೆಯಿರಿ, ತಿರುಚಿ, ನೆಲಕ್ಕೆ ಬೀಳಿಸಿ. ಮಗು ಇದನ್ನೆಲ್ಲ ಮಾಡೇ ಮಾಡುತ್ತದೆ. ಅದು ಮಾಡುವ ಮೊದಲು ನೀವು ಮಾಡಿದರೆ ಒಳ್ಳೆಯದು. ಬಣ್ಣ ಕೈಗೆ ಹತ್ತಿದರೆ, ಸೀಮೆಎಣ್ಣೆಯ ಹಾಗೆ ಘಾಟು ಬಂದರೆ ಬೇಡ.

ಮೂರು, ನಾಲ್ಕು ವರ್ಷದವರಿಗೆ ದಪ್ಪ ಬಳಪ, ಬೆರಳಿಗೆ ಹಾಕುವ ಬಟ್ಟೆ ಬೊಂಬೆ, ದೊಡ್ಡ ತುಂಡುಗಳ ಜಿಗ್‌ಸಾ. ಈ ವಯಸ್ಸಿನಲ್ಲಿ ಬಾಯಿಯ ಭಯ ಕಡಿಮೆಯಾಗಿ ಮೂಗಿನದು ಶುರುವಾಗುತ್ತದೆ. ಮೂಗಿಗೆ ಮಣಿ ತುರುಕಿಕೊಂಡು ಬಂದವರನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಯಾಕೋ ಪುಟ್ಟಾ ಅಂದರೆ "ಹೋಗುತ್ತಾ ಅಂತ ನೋಡಿದೆ" ಅನ್ನುತ್ತಾರೆ. ವಿಜ್ಞಾನಿಗಳು! ಹುಡುಗಿಯರಿಗೆ ಅಂತ ಸಿಗುವ ಅಗ್ಗದ ಲೋಹದ ಸರ, ಉಂಗುರಗಳನ್ನೂ ಬಿಡಿ. ಕೆಲವದರಲ್ಲಿ ಸೀಸ, ಕ್ಯಾಡ್ಮಿಯಂ ಎಂಬ ವಿಷದ ಲೋಹ ಇರುತ್ತದೆ. ಚೀಪಿದರೆ ಒಳಗೆ ಹೋಗುತ್ತದೆ, ನುಂಗಿದರೆ ಹೊಟ್ಟೆಯ ಆಮ್ಲದಲ್ಲಿ ಇನ್ನೂ ಬೇಗ ಕರಗುತ್ತದೆ.

ಆರು, ಎಂಟರವರಿಗೆ ಚಿಕ್ಕ ತುಂಡುಗಳ ಆಟಿಕೆ ತಪ್ಪಲ್ಲ. ನಿಮ್ಮ ಮನೆಯಲ್ಲಿ ಆವತ್ತು ತಪ್ಪು. ಅಂಥದ್ದು ಕೊಟ್ಟರೆ ಗಟ್ಟಿ ಮುಚ್ಚಳದ ಡಬ್ಬವನ್ನೂ ಜೊತೆಗೆ ಕೊಡಿ, "ಮೇಜಿನ ಮೇಲೆ ಮಾತ್ರ" ಅಂತ ಹೇಳಿ. ನಾನಾದರೆ ಸ್ಕಿಪ್ಪಿಂಗ್ ಹಗ್ಗ, ಬುಗುರಿ, ಬಣ್ಣದ ಪೆನ್ಸಿಲ್, ಇಸ್ಪೀಟಿನಂಥ ಕಾರ್ಡ್ ಆಟ ಕೊಡುತ್ತೇನೆ. ಸ್ಪ್ರಿಂಗಿನಲ್ಲಿ ಗುಂಡು ಹಾರಿಸುವ ಬಂದೂಕು ಬೇಡ. ಜೊತೆಗೆ ಬಂದ ಮೆತ್ತನೆಯ ಗುಂಡು ಕಳೆದ ಮೇಲೆ ಹುಡುಗರು ಪೆನ್ಸಿಲ್ ತುಂಡು ಹಾಕಿ ಹಾರಿಸುತ್ತಾರೆ, ಕಣ್ಣಿಗೆ ಬಡಿಯುತ್ತದೆ. ಸದ್ದು ಮಾಡುವ ಯಾವ ಆಟಿಕೆಯನ್ನಾದರೂ ನಿಮ್ಮ ಕಿವಿಯ ಪಕ್ಕ ಹಿಡಿದು ನೋಡಿ. ನಿಮಗೆ ತಡೆಯಲಾಗದಿದ್ದರೆ ಅವರಿಗೂ ಬೇಡ. ಮಕ್ಕಳ ಕೈ ಗಿಡ್ಡ, ಆಟಿಕೆ ಅವರ ಕಿವಿಗೆ ಹತ್ತಿರ.

ಹತ್ತು, ಹದಿಮೂರರವರಿಗೆ ಸುಮ್ನೆ ಅವರನ್ನೇ ಕೇಳಿ. ಲೇಸರ್ ಟಾರ್ಚು ಕೇಳಿದರೆ ಮಾತ್ರ ಇಲ್ಲ ಅನ್ನಿ. ಒಂದು ಕ್ಷಣ ಕಣ್ಣಿಗೆ ಬಿಟ್ಟರೂ ಕೆಲವು ಲೇಸರ್‌ಗಳು ಒಳಪರದೆಯನ್ನು ಸುಡುತ್ತವೆ, ಅದು ಮತ್ತೆ ಸರಿಯಾಗುವುದಿಲ್ಲ.

ಜಗಳದ ಚಿಂತೆಗೆ ನನ್ನ ಉಪಾಯ ಇದು. ಎಲ್ಲರಿಗೂ ಒಂದೇ ಜಾತಿಯದನ್ನು ಕೊಡಿ, ಅಳತೆ ಬದಲಾಯಿಸಿ. ಎಲ್ಲರಿಗೂ ಪುಸ್ತಕ. ಏಳು ತಿಂಗಳಿನದಕ್ಕೆ ಬಟ್ಟೆಯದು, ಒಂದೂವರೆಯದಕ್ಕೆ ರಟ್ಟಿನದು, ನಡುವಿನವರಿಗೆ ಬಣ್ಣ ತುಂಬುವುದು, ದೊಡ್ಡವನಿಗೆ ಪತ್ತೇದಾರಿ ಕಾದಂಬರಿ. ಕಾಗದ ಒಂದೇ ಬಣ್ಣದ್ದಿರಲಿ. ಚೆಂಡೂ ಹೀಗೇ ಆಗುತ್ತದೆ, ಒಂದೂ ಮುಷ್ಟಿಯೊಳಗೆ ಮುಚ್ಚಿಹೋಗುವಷ್ಟು ಚಿಕ್ಕದಿರದಿದ್ದರಾಯಿತು. ಹೆಸರು ಬರೆದಿಡಿ. ಚೀಲಕ್ಕೆ ಕೈ ಹಾಕಿ ಸಿಕ್ಕಿದ್ದನ್ನು ಕೊಡುವ ಆಟ ಈ ವರ್ಷ ಬೇಡ.

ಬಿಚ್ಚುವ ಹೊತ್ತಿನಲ್ಲಿ ಒಬ್ಬರು ದೊಡ್ಡವರು ಖಾಲಿ ಡಬ್ಬ ಹಿಡಿದು ನೆಲದ ಮೇಲೆ ಕೂರಲಿ. ರಿಬ್ಬನ್, ಸ್ಟೇಪ್ಲರ್ ಪಿನ್ನು, ತಂತಿ, ತೆಳು ಪ್ಲಾಸ್ಟಿಕ್ ಚೀಲ, ತೇವ ಹೀರುವ ಪುಟ್ಟ ಪೊಟ್ಟಣ ಎಲ್ಲ ಆಗಿಂದಾಗಲೇ ಅದರೊಳಗೆ ಹೋಗಲಿ. ಅಪಾಯ ಎಷ್ಟೋ ಸಲ ಉಡುಗೊರೆಯಲ್ಲಿ ಇರುವುದಿಲ್ಲ, ಅದನ್ನು ಕಟ್ಟಿದ್ದರಲ್ಲಿ ಇರುತ್ತದೆ.

ಅಕಸ್ಮಾತ್ ಏನಾದರೂ ಆದರೆ ಎಂದು ಇಷ್ಟು ತಿಳಿದಿರಲಿ. ಉಸಿರು ಕಟ್ಟಿದ ಮಗು ಕೂಗುವುದಿಲ್ಲ, ಸದ್ದೇ ಇರುವುದಿಲ್ಲ. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮು ನಿಂತು ಸದ್ದಿಲ್ಲವಾದರೆ ತಲೆ ತಗ್ಗಿಸಿ ಬೆನ್ನಿನ ಮೇಲ್ಭಾಗಕ್ಕೆ 5 ಸಲ ಬಡಿಯಿರಿ. ಬರದಿದ್ದರೆ, ಒಂದು ವರ್ಷದ ಒಳಗಿನದಾದರೆ ಅಂಗಾತ ಹಿಡಿದು ಎದೆಯ ನಡುವೆ 5 ಸಲ ಒತ್ತಿ. ದೊಡ್ಡದಾದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಸ್ವಲ್ಪ ಮೇಲೆ ಒಳಕ್ಕೆ, ಮೇಲಕ್ಕೆ 5 ಸಲ ಎಳೆಯಿರಿ. ಹೀಗೆ ಒಂದಾದ ಮೇಲೊಂದು ಮಾಡುತ್ತಿರಿ. ಅಷ್ಟರಲ್ಲಿ ಇನ್ನೊಬ್ಬರು ಆಂಬುಲೆನ್ಸ್ ಕರೆಯಲಿ. ಕಣ್ಣಿಗೆ ಕಾಣದ್ದನ್ನು ಬೆರಳು ಹಾಕಿ ಹುಡುಕಬೇಡಿ, ಇನ್ನೂ ಒಳಗೆ ಹೋಗುತ್ತದೆ.

ಸೆಲ್ ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಕಾಯಬೇಡಿ. ಜೊಲ್ಲು ಜಾಸ್ತಿ ಸುರಿಯುವುದು, ಊಟ ಬೇಡ ಅನ್ನುವುದು, ಕೆಮ್ಮು, ಇಷ್ಟೇ ಕಾಣಬಹುದು. ವಾಂತಿ ಮಾಡಿಸಬೇಡಿ. ನೇರ ಎಕ್ಸ್-ರೇ ಇರುವ ಆಸ್ಪತ್ರೆಗೆ ಹೊರಡಿ. ಒಂದು ವರ್ಷ ದಾಟಿದ ಮಗುವಾಗಿದ್ದು, ನುಂಗಿ 12 ಗಂಟೆ ಆಗಿಲ್ಲದಿದ್ದರೆ, ಗುಟುಕರಿಸಲು ಆಗುತ್ತಿದ್ದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಹೆಚ್ಚೆಂದರೆ 6 ಸಲ. ಅದು ಸೆಲ್‌ನ ಸುತ್ತ ಹರಡಿ ಸುಡುವುದನ್ನು ಸ್ವಲ್ಪ ತಗ್ಗಿಸುತ್ತದೆ. ಬೇರೆ ಏನೂ ತಿನ್ನಿಸಬೇಡಿ. ಜೇನು ಹುಡುಕುತ್ತಾ ಮನೆಯಲ್ಲಿ ಐದು ನಿಮಿಷವೂ ಕಳೆಯಬೇಡಿ. ವರ್ಷ ತುಂಬದ ಮಗುವಿಗೆ ಜೇನು ಯಾವ ಕಾರಣಕ್ಕೂ ಇಲ್ಲ.

ಕೊನೆಗೆ ನಿಮ್ಮ ಮನೆಯವರ ವೇಷ. ಟೊಪ್ಪಿಗೆಯಲ್ಲಿ ಮಿನುಗುವ ಲೈಟ್ ಇದ್ದರೆ ಅದನ್ನೂ ತೆಗೆಸಿ. ಗಡ್ಡಕ್ಕೆ ಹತ್ತಿ ಅಂಟಿಸಿದರೆ ಏಳು ತಿಂಗಳಿನದು ಮೊದಲ ಹಿಡಿ ಕಿತ್ತು ನೇರ ಬಾಯಿಗೆ ಹಾಕುತ್ತದೆ. ಮೇಣದಬತ್ತಿ ಹತ್ತಿರ ಬಂದರೆ ಆ ಹತ್ತಿ ಭಗ್ಗನೆ ಹತ್ತಿಕೊಳ್ಳುತ್ತದೆ. ಹೊಲಿದ ಬಟ್ಟೆಯ ಗಡ್ಡ ಹಾಕಿಸಿ. ಆ ಚಿಕ್ಕದು ಹೇಗಿದ್ದರೂ ಅವರನ್ನು ನೋಡಿ ಅಳುತ್ತದೆ, ಅದಕ್ಕೆ ಮಾತ್ರ ನನ್ನ ಬಳಿ ಮದ್ದಿಲ್ಲ.